ಜೊತೆಗಾರನಿಲ್ಲದ ಮರುದಿನ

ದಾರಿಗಿಂತ ಮೊದಲು ಜೊತೆಗಾರನನ್ನು ಹುಡುಕಿಕೋ ಎಂಬ ಅರಬೀ ಗಾದೆಯೊಂದನ್ನು ಉರ್ದು ಶಾಲೆಯಲ್ಲಿ ನಮ್ಮ ಉಸ್ತಾದರು ಹಲಗೆಯ ಮೇಲೆ ಬರೆಸುತ್ತಿದ್ದರು. ಅಕ್ಷರ ದುಂಡಗಾಗಲಿ ಎಂಬುದಷ್ಟೇ ಅವರ ಉದ್ದೇಶ. ಅದರ ಅರ್ಥದ ಕಡೆಗೆ ನಮ್ಮ ಗಮನ ಹೋದದ್ದು ಎಷ್ಟೋ ವರ್ಷಗಳ ನಂತರ. ಗಾದೆ ಸರಿಯಾಗಿಯೇ ಇದೆ. ಆದರೆ ಅರ್ಧ ದಾರಿಯಲ್ಲಿ ಆ ಜೊತೆಗಾರನೇ ಕಣ್ಣು ಮುಚ್ಚಿದರೆ ಉಳಿದವರು ಏನು ಮಾಡಬೇಕು? ನಿಲ್ಲಬೇಕೋ, ನಡೆಯಬೇಕೋ? ಅದನ್ನು ಗಾದೆ ಹೇಳುವುದಿಲ್ಲ.

ಈ ಪ್ರಶ್ನೆ ನಮ್ಮನ್ನು ಹಿಡಿದುಕೊಂಡದ್ದು ನಾವು ನಿರೀಕ್ಷಿಸದ ದಿಕ್ಕಿನಿಂದ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಎಂಬ ಅಮೆರಿಕದ ರಾಕ್ ತಂಡ ಹಾಡಿತು. ಆಗ ಎಂಜಿನಿಯರಿಂಗ್ ಓದುತ್ತಿದ್ದ ನಮ್ಮ ಖಾಲಾನ ಮಗ ಅಲ್ಲಿಗೆ ಹೋಗಿ, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದಿದ್ದ. ರಜೆಗೆ ಊರಿಗೆ ಬಂದವನ ಮೈಮೇಲೆ ಆ ತಂಡದ ಹೆಸರಿನ ಕಪ್ಪು ಅಂಗಿ. "ಇದೆಂಥ ಸಂಗೀತವೋ, ತಗಡು ಬಡಿದ ಹಾಗೆ" ಎಂದು ನಾವು ಛೇಡಿಸಿದೆವು. ಅವನು ಮುನಿಸಿಕೊಳ್ಳಲಿಲ್ಲ. "ಭಾಯಿಜಾನ್, ನೀವು ಕಥೆ ಬರೆಯೋರು. ಸಂಗೀತ ಬೇಡ, ಒಂದು ಕಥೆ ಕೇಳಿ" ಎಂದ.

1986ರ ಸೆಪ್ಟೆಂಬರ್ 26ರ ರಾತ್ರಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಹಾಡಿ ಮುಗಿಸಿದ ತಂಡ ಬಸ್ಸಿನಲ್ಲಿ ಕೋಪನ್‌ಹೇಗನ್ ಕಡೆಗೆ ಹೊರಟಿತ್ತು. ಮಲಗುವ ಜಾಗಕ್ಕಾಗಿ ಹುಡುಗರು ಇಸ್ಪೀಟಿನ ಎಲೆ ಎಳೆದರು. ಬೇಸ್ ಗಿಟಾರ್ ನುಡಿಸುವ ಕ್ಲಿಫ್ ಬರ್ಟನ್‌ಗೆ ಎಕ್ಕ ಬಂತು. ಗೆಳೆಯ ಕರ್ಕ್ ಹ್ಯಾಮೆಟ್ ಮಲಗುತ್ತಿದ್ದ ಜಾಗವನ್ನು ಅವನು ಆರಿಸಿಕೊಂಡ. ಬೆಳಗಿನ ಜಾವ ಬಸ್ಸು ರಸ್ತೆ ಬಿಟ್ಟು ಉರುಳಿತು. ಕಿಟಕಿಯಿಂದ ಹೊರಕ್ಕೆ ಬಿದ್ದ ಬರ್ಟನ್‌ನ ಮೇಲೆಯೇ ಬಸ್ಸು ಬಿತ್ತು. ಅವನಿಗೆ 24 ವರ್ಷ.

"ಆಮೇಲೆ?" ಎಂದೆವು.

"ಆಮೇಲೇನು, ಹೊಸಬ ಒಬ್ಬನನ್ನ ಸೇರಿಸಿಕೊಂಡು ನವೆಂಬರಿನಲ್ಲಿ ಜಪಾನಿನಲ್ಲಿ ಹಾಡಿದರು" ಎಂದ ಹುಡುಗ. ಅವನ ದನಿಯಲ್ಲಿ ಹೆಮ್ಮೆಯಿತ್ತು. ನಮಗೆ ಮಾತ್ರ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಸೆಪ್ಟೆಂಬರ್ 27ಕ್ಕೆ ಸಾವು, ನವೆಂಬರಿನಲ್ಲಿ ಹಾಡು. ಇದು ನಿಷ್ಠೆಯೋ, ಕಲ್ಲೆದೆಯೋ? ಅಂದಿನಿಂದ ಈ ಜನರ ಪ್ರವಾಸದ ಕಥೆಗಳನ್ನು ಓದುವುದು ನಮಗೊಂದು ಗೀಳಾಯಿತು. ಹಾಡುಗಳು ಈಗಲೂ ನಮಗೆ ಅಷ್ಟಾಗಿ ಹಿಡಿಸಿಲ್ಲ ಎಂಬುದನ್ನು ಇಲ್ಲಿಯೇ ಒಪ್ಪಿಕೊಂಡು ಬಿಡುತ್ತೇವೆ.

ರಾಕ್ ತಂಡದ ಪ್ರವಾಸವೆಂದರೆ ವಿಮಾನ, ದೊಡ್ಡ ಹೋಟೆಲು, ಕುಡಿತ, ಹುಚ್ಚಾಟ ಎಂದೇ ನಾವು ತಿಳಿದಿದ್ದೆವು. ಅವೂ ಇವೆ, ಸುಳ್ಳಲ್ಲ. ಆದರೆ ಬಹುಪಾಲು ಅದು ಹಮಾಲಿ ಕೆಲಸ. ಬೆಳಿಗ್ಗೆ ಲಾರಿಗಳು ಬಂದು ನಿಲ್ಲುತ್ತವೆ. ಕಬ್ಬಿಣದ ಚೌಕಟ್ಟು, ದೀಪ, ಧ್ವನಿಪೆಟ್ಟಿಗೆ, ಸುರುಳಿ ಸುರುಳಿ ಕೇಬಲ್ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ವೇದಿಕೆ ಎದ್ದಿರಬೇಕು. ಸಂಜೆಗೆ ಮುಂಚೆ ಕಲಾವಿದರು ಬಂದು ಧ್ವನಿ ಪರೀಕ್ಷೆ ಮಾಡಿ ಹೋಗುತ್ತಾರೆ. ರಾತ್ರಿ ಎರಡು ತಾಸಿನ ಹಾಡು. ಚಪ್ಪಾಳೆ ಪೂರ್ತಿ ಅಡಗುವ ಮೊದಲೇ ಬಿಚ್ಚುವ ಕೆಲಸ ಶುರು. ನಡುರಾತ್ರಿ ದಾಟಿದ ಮೇಲೆ ಲಾರಿ ಹೊರಡುತ್ತದೆ, ಅದರ ಜೊತೆಗೆ ಮಲಗುವ ಬಸ್ಸು. ಆ ಬಸ್ಸಿನಲ್ಲಿ ಕಾಲನ್ನು ಡ್ರೈವರನ ಕಡೆಗೆ ಚಾಚಿಯೇ ಮಲಗಬೇಕೆಂಬ ಒಂದು ರೂಢಿಯಿದೆ. ತಟ್ಟನೆ ಬ್ರೇಕ್ ಬಿದ್ದರೆ ಕಾಲು ಮುರಿದರೂ ಚಿಂತೆಯಿಲ್ಲ, ಕತ್ತು ಉಳಿಯಲಿ ಎಂದು. ಇಂಥ ರೂಢಿ ಮಾಡಿಕೊಂಡವರು ಸಾವನ್ನು ತಲೆದಿಂಬಿನ ಪಕ್ಕದಲ್ಲಿಟ್ಟುಕೊಂಡೇ ಮಲಗುವವರು. ನಮ್ಮ ಮೇಳದವರಿಗೂ ಕಂಪನಿ ನಾಟಕದವರಿಗೂ ಇದನ್ನೆಲ್ಲ ವಿವರಿಸಿ ಹೇಳಬೇಕಾದ ಅಗತ್ಯವೇ ಇಲ್ಲ.

ಇಷ್ಟಾದರೂ ಇವು ಲಾರಿಯೂ ಆಳುಕಾಳೂ ಇರುವ ದೊಡ್ಡ ತಂಡಗಳ ಮಾತು. ಇವೆಲ್ಲ ಇರದಿದ್ದ ಕಾಲದ ಒಂದು ಪ್ರವಾಸವಿದೆ. ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅದೇ.

1959ರ ಜನವರಿ 23ರಂದು ಅಮೆರಿಕದ ಮಿಲ್ವಾಕಿ ನಗರದಿಂದ ಕೆಲವು ಹುಡುಗರು ಒಂದು ಬಸ್ಸು ಹತ್ತಿದರು. ಪ್ರವಾಸದ ಹೆಸರು 'ವಿಂಟರ್ ಡ್ಯಾನ್ಸ್ ಪಾರ್ಟಿ'. 24 ದಿನಕ್ಕೆ 24 ಊರು. ಊರುಗಳನ್ನು ಗೊತ್ತು ಮಾಡಿದವರು ನಕ್ಷೆ ನೋಡಿದಂತೆ ಕಾಣುವುದಿಲ್ಲ. ವಿಸ್ಕಾನ್ಸಿನ್, ಮಿನ್ನೆಸೋಟಾ, ಅಯೋವಾ ಸೀಮೆಗಳಲ್ಲಿ ಬಸ್ಸು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಹೋದ ದಾರಿಯಲ್ಲೇ ಮತ್ತೆ ಹಿಂದಕ್ಕೆ ಓಡಬೇಕಾಯಿತು. ಅದು ಆ ಸೀಮೆಯ ಕಡು ಚಳಿಗಾಲ. ಬಸ್ಸು ಕೆಟ್ಟು ನಿಲ್ಲುತ್ತಿತ್ತು, ಇನ್ನೊಂದು ಬರುತ್ತಿತ್ತು, ಅದೂ ಕೆಡುತ್ತಿತ್ತು. ಬಿಸಿಗಾಳಿಯ ಯಂತ್ರ ಕೆಲಸ ಮಾಡುತ್ತಿರಲಿಲ್ಲ. ಒಂದು ರಾತ್ರಿ ಕಾಡುದಾರಿಯಲ್ಲಿ ಬಸ್ಸು ನಿಂತು, ಡ್ರಮ್ ಬಾರಿಸುವ ಕಾರ್ಲ್ ಬಂಚ್‌ನ ಪಾದಗಳು ಹಿಮಗಟ್ಟಿ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಸಾಮಾನು ಹೊರಲು ಬೇರೆ ಆಳಿರಲಿಲ್ಲ. ಹಾಡಿದವರೇ ಹೊತ್ತರು.

ಆ ಬಸ್ಸಿನಲ್ಲಿ 22ರ ಬಡ್ಡಿ ಹಾಲಿ ಇದ್ದ. ಹಾಡುಗಳು ಜನಪ್ರಿಯವಾಗಿದ್ದರೂ ಅವನ ದುಡ್ಡು ಹಳೆಯ ಮ್ಯಾನೇಜರನ ಜೊತೆಗಿನ ತಕರಾರಿನಲ್ಲಿ ಸಿಕ್ಕಿಕೊಂಡಿತ್ತು. ಮದುವೆಯಾಗಿ ಆರು ತಿಂಗಳೂ ತುಂಬಿರಲಿಲ್ಲ, ಹೆಂಡತಿ ಮಾರಿಯಾ ಎಲೆನಾ ಬಸುರಿ. ಆ ಚಳಿಯಲ್ಲಿ ಅವನು ಹೊರಟದ್ದು ಕೀರ್ತಿಗಲ್ಲ, ಸಂಸಾರಕ್ಕೆ. ಜೊತೆಯಲ್ಲಿ 17ರ ರಿಚೀ ವ್ಯಾಲೆನ್ಸ್, 'ಬಿಗ್ ಬಾಪರ್' ಎಂದು ಕರೆಸಿಕೊಳ್ಳುತ್ತಿದ್ದ 28ರ ಜೆ.ಪಿ. ರಿಚರ್ಡ್‌ಸನ್, ಡಿಯಾನ್ ಮತ್ತವನ ಸಂಗಡಿಗರು. ಹಾಲಿಯ ಹಿಂದೆ ನಿಂತು ನುಡಿಸಲು ಟಾಮಿ ಆಲ್ಸಪ್, ವೇಲನ್ ಜೆನ್ನಿಂಗ್ಸ್. ಜೆನ್ನಿಂಗ್ಸ್‌ಗೆ 21 ವರ್ಷ.

ಫೆಬ್ರವರಿ 2ರ ರಾತ್ರಿ ಅಯೋವಾದ ಕ್ಲಿಯರ್ ಲೇಕ್ ಎಂಬ ಪುಟ್ಟ ಊರಿನಲ್ಲಿ ಹಾಡಿದರು. ಮುಂದಿನ ಊರು ಮಿನ್ನೆಸೋಟಾದ ಮೂರ್‌ಹೆಡ್, ಸುಮಾರು 590 ಕಿಲೋಮೀಟರ್. ಮತ್ತೆ ಆ ಬಸ್ಸಿನಲ್ಲಿ ಇಡೀ ರಾತ್ರಿ ನಡುಗುವುದು ಹಾಲಿಗೆ ಬೇಡವಾಗಿತ್ತು. ಬೇಗ ಹೋಗಿ ಸ್ವಲ್ಪ ನಿದ್ದೆ ಮಾಡಬೇಕು, ಬಟ್ಟೆ ಒಗೆಸಿಕೊಳ್ಳಬೇಕು ಎಂದು ಒಂದು ಸಣ್ಣ ವಿಮಾನ ಬಾಡಿಗೆಗೆ ಹಿಡಿದ. ತಲೆಗೆ 36 ಡಾಲರ್. ನಮ್ಮ ಅಪ್ಪ ಅಮ್ಮ ತಿಂಗಳಿಗೆ ಕೊಡುತ್ತಿದ್ದ ಮನೆ ಬಾಡಿಗೆಯೇ ಅಷ್ಟು, ಅದನ್ನು ಒಂದು ಪ್ರಯಾಣಕ್ಕೆ ಸುರಿಯಲು ಮನಸ್ಸು ಬರಲಿಲ್ಲ ಎಂದು ಡಿಯಾನ್ ಮುಂದೆ ಹೇಳಿಕೊಂಡಿದ್ದಾರೆ. ಬಡತನದ ಆ ಒಂದು ಲೆಕ್ಕಾಚಾರ ಅವರ ಜೀವ ಉಳಿಸಿತು. ರಿಚರ್ಡ್‌ಸನ್‌ಗೆ ಜ್ವರ ಬಂದಿದ್ದರಿಂದ ಜೆನ್ನಿಂಗ್ಸ್ ತನ್ನ ಜಾಗ ಅವನಿಗೆ ಬಿಟ್ಟುಕೊಟ್ಟ. ಆಲ್ಸಪ್‌ನ ಜಾಗಕ್ಕಾಗಿ ವ್ಯಾಲೆನ್ಸ್ ನಾಣ್ಯ ಚಿಮ್ಮಿಸಿ ಗೆದ್ದ. ಹೊರಡುವ ಮುಂಚೆ ಹಾಲಿ, ನಿಮ್ಮ ಬಸ್ಸು ಹೆಪ್ಪುಗಟ್ಟಲಿ ಎಂದು ತಮಾಷೆ ಮಾಡಿದ. ಹಾಗಾದರೆ ನಿಮ್ಮ ವಿಮಾನ ಬೀಳಲಿ ಎಂದು ಜೆನ್ನಿಂಗ್ಸ್ ಅಷ್ಟೇ ತಮಾಷೆಯಾಗಿ ಹೇಳಿದ.

ರಾತ್ರಿ ಒಂದು ಗಂಟೆಯ ಸುಮಾರಿಗೆ ಮೇಲೇರಿದ ವಿಮಾನ ಕೆಲವೇ ನಿಮಿಷಗಳಲ್ಲಿ ಹೊಲವೊಂದರಲ್ಲಿ ಬಿದ್ದಿತು. ಮೂವರು ಹಾಡುಗಾರರು, 21ರ ಪೈಲಟ್ ರೋಜರ್ ಪೀಟರ್ಸನ್, ನಾಲ್ವರೂ ಉಳಿಯಲಿಲ್ಲ. ಅವಶೇಷ ಕಣ್ಣಿಗೆ ಬಿದ್ದದ್ದು ಬೆಳಿಗ್ಗೆ ಒಂಬತ್ತರ ನಂತರ. ಮಾರಿಯಾ ಎಲೆನಾಗೆ ಸುದ್ದಿ ತಿಳಿದದ್ದು ಯಾರೂ ಬಂದು ಹೇಳಿದ್ದರಿಂದಲ್ಲ, ಟೆಲಿವಿಷನ್ನಿನಿಂದ. ಆ ಆಘಾತದಲ್ಲಿ ಆಕೆಯ ಬಸಿರು ಇಳಿಯಿತು.

ಬಸ್ಸು ರಾತ್ರಿಯಿಡೀ ಓಡಿ ಮೂರ್‌ಹೆಡ್ ತಲುಪಿತು. ಅಲ್ಲಿ ಸುದ್ದಿ ಕಾದಿತ್ತು. ಆ ಸಂಜೆಯ ಕಾರ್ಯಕ್ರಮ ನಿಲ್ಲಲಿಲ್ಲ. ಖಾಲಿಯಾದ ಹೊತ್ತನ್ನು ತುಂಬಲು ಸ್ಥಳೀಯ ಹುಡುಗರು ಯಾರಾದರೂ ಇದ್ದಾರೆಯೇ ಎಂದು ಹುಡುಕಿದರು. ಪಕ್ಕದ ಫಾರ್ಗೋ ಊರಿನ 15ರ ಹುಡುಗ ಬಾಬಿ ವೀ ತನ್ನ ಗೆಳೆಯರ ಜೊತೆ ಬಂದು ಹಾಡಿದ. ಮುಂದೆ ಅವನು ದೊಡ್ಡ ಗಾಯಕನಾದ, ಅದು ಬೇರೆ ಮಾತು. ಪ್ರವಾಸ ಫೆಬ್ರವರಿ 15ರವರೆಗೆ ನಡೆಯಿತು. ಫೆಬ್ರವರಿ 7ರಂದು ಟೆಕ್ಸಸ್‌ನ ಲಬ್ಬಕ್‌ನಲ್ಲಿ ಹಾಲಿಯನ್ನು ಮಣ್ಣು ಮಾಡುವಾಗ ಜೆನ್ನಿಂಗ್ಸ್, ಆಲ್ಸಪ್ ಪ್ರವಾಸದಲ್ಲೇ ಇದ್ದರು. ಹಾಲಿ ಹಾಡಬೇಕಾಗಿದ್ದ ಜಾಗದಲ್ಲಿ ಜೆನ್ನಿಂಗ್ಸ್ ನಿಂತು ಹಾಡುತ್ತಿದ್ದ. ಎಲ್ಲ ಮುಗಿದ ಮೇಲೆ ಇಬ್ಬರ ಕೈಗೆ ಬಂದದ್ದು ಒಪ್ಪಿಕೊಂಡಿದ್ದ ಹಣದ ಅರ್ಧಕ್ಕಿಂತ ಕಡಿಮೆ. 1971ರಲ್ಲಿ ಡಾನ್ ಮೆಕ್ಲೀನ್ ಎಂಬವರು ಈ ಸಾವಿನ ದಿನವನ್ನು ನೆನೆದು ಸಂಗೀತವೇ ಅಂದು ಉಸಿರು ಬಿಟ್ಟಿತೆಂಬಂತೆ ಹಾಡು ಕಟ್ಟಿದರು, ಅದು ಲೋಕಪ್ರಸಿದ್ಧವಾಯಿತು. ವಾಸ್ತವದಲ್ಲಿ ಅಂದು ಸಂಗೀತ ಒಂದು ಸಂಜೆಯ ಮಟ್ಟಿಗೂ ನಿಲ್ಲಲಿಲ್ಲ. ನಿಂತಿದ್ದರೆ ಚೆನ್ನಾಗಿತ್ತಲ್ಲವೇ ಎಂಬುದೇ ನಮ್ಮ ಪ್ರಶ್ನೆ.

ನಮ್ಮ ಕಡೆ ಸತ್ತವರ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ದುಃಖದಲ್ಲಿರುವವರು ಅಡಿಗೆಯ ಚಿಂತೆ ಮಾಡಬಾರದು ಎಂದು ನೆರೆಯವರೂ ನೆಂಟರೂ ಊಟ ತಂದಿಡುತ್ತಾರೆ. ಇದನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ, ಆದರೆ ಯೋಚಿಸಿರಲಿಲ್ಲ. ಯೋಚಿಸಿದರೆ ಇದು ದುಃಖಿಸುವವರಿಗೆ ಹಾಕಿದ ನಿಯಮವಲ್ಲ, ಅಕ್ಕಪಕ್ಕದವರಿಗೆ ಹಾಕಿದ್ದು. ಒಬ್ಬರ ಒಲೆ ಆರಿರಬೇಕಾದರೆ ಇನ್ನೊಬ್ಬರ ಒಲೆಯ ಮೇಲೆ ಎರಡು ಪಾತ್ರೆ ಹೆಚ್ಚು ಕುದಿಯಬೇಕು. ಅಳುವುದಕ್ಕೂ ಖರ್ಚಿದೆ, ಮತ್ತು ಆ ಖರ್ಚನ್ನು ಅಳುವವನೇ ಕೊಡಲಾರ. ಮೂರ್‌ಹೆಡ್‌ನ ಆ ಸಂಜೆ ಜೆನ್ನಿಂಗ್ಸ್‌ಗೆ ಯಾರೂ ಊಟ ತಂದಿಡಲಿಲ್ಲ. ಅವನು ಎದ್ದು ತಾನೇ ಒಲೆ ಹಚ್ಚಬೇಕಾಯಿತು. ಅಂಥವನನ್ನು ಕಲ್ಲೆದೆಯವನು ಎನ್ನುವ ಬಾಯಿ ನಮಗಿದೆಯೇ?

ಬಾಯಿ ಇಲ್ಲ ಎನ್ನುವುದಕ್ಕೆ ನಮಗೆ ನಮ್ಮದೇ ಕಾರಣವಿದೆ. ನಮ್ಮ ದೊಡ್ಡ ಆಪಾನ ಮದುವೆಯ ಮೆರವಣಿಗೆಗೆ ಪಕ್ಕದ ತಾಲೂಕಿನಿಂದ ಬ್ಯಾಂಡ್‌ಸೆಟ್ ಕರೆಸಿದ್ದರು. ನಮಗಾಗ ಹನ್ನೆರಡೋ ಹದಿಮೂರೋ. ಕ್ಲಾರಿನೆಟ್ ಊದುತ್ತಿದ್ದ ನಡುವಯಸ್ಸಿನ ಮನುಷ್ಯ ಮತ್ತೆ ಮತ್ತೆ ಸ್ವರ ತಪ್ಪುತ್ತಿದ್ದ, ಗೊತ್ತಿದ್ದ ಸಿನಿಮಾ ಹಾಡುಗಳನ್ನೂ ಅರ್ಧಕ್ಕೆ ಬಿಡುತ್ತಿದ್ದ. ನಾವು ಹುಡುಗರೆಲ್ಲ ಬಿದ್ದು ಬಿದ್ದು ನಕ್ಕೆವು. ಲೆಕ್ಕ ಚುಕ್ತಾ ಮಾಡುವಾಗ ನಮ್ಮ ಮಾಮೂ ಒಬ್ಬರು, "ಇದಕ್ಕೆ ಪೂರ್ತಿ ದುಡ್ಡು ಬೇರೆ ಕೇಡು" ಎಂದು ಐವತ್ತು ರೂಪಾಯಿ ಹಿಡಿದುಕೊಂಡು ಕೊಟ್ಟರು. ಆತ ಎಣಿಸಿ ಜೇಬಿಗೆ ಹಾಕಿಕೊಂಡ, ಏನೂ ಹೇಳಲಿಲ್ಲ. ಆಮೇಲೆ ಊಟಕ್ಕೆ ಕೂತಾಗ ಡೋಲು ಬಡಿಯುವ ಹುಡುಗ ನಮಗೆ ಹೇಳಿದ: ಅವರದೇ ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದ ಅವರ ತಮ್ಮ ಹಿಂದಿನ ದಿನ ತೀರಿಕೊಂಡಿದ್ದ, ದಫನ್ ಮುಗಿಸಿ ಬೆಳಗಿನ ಬಸ್ಸಿಗೆ ಇಲ್ಲಿಗೆ ಬಂದಿದ್ದರು. ಮುಂಗಡ ಪಡೆದದ್ದು ಆಸ್ಪತ್ರೆಗೆ ಖರ್ಚಾಗಿತ್ತಂತೆ. ನಾವು ಇದನ್ನು ಮಾಮೂಗೆ ಹೇಳಬಹುದಿತ್ತು. ಅವರು ಕೆಟ್ಟವರೇನಲ್ಲ, ಗೊತ್ತಾಗಿದ್ದರೆ ಐವತ್ತರ ಜೊತೆ ಇನ್ನೂ ನೂರು ಸೇರಿಸಿ ಕೊಡುತ್ತಿದ್ದರೋ ಏನೋ. ನಾವು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದಕ್ಕೆ ಇಷ್ಟು ವರ್ಷಗಳಲ್ಲಿ ಒಂದು ಒಳ್ಳೆಯ ಕಾರಣ ಹುಡುಕಿದ್ದೇವೆ, ಸಿಕ್ಕಿಲ್ಲ. ಮದುವೆ ಮನೆಯಲ್ಲಿ ಸಾವಿನ ಮಾತು ಬೇಡವೆಂದು ಎಂದುಕೊಳ್ಳಬಹುದು. ನಿಜ ಹೇಳಬೇಕೆಂದರೆ ಬಿರಿಯಾನಿ ಬಡಿಸುತ್ತಿದ್ದರು.

ಆದ್ದರಿಂದ ಹಾಡಿದವನು ಯಾಕೆ ಹಾಡಿದ ಎಂದು ಕೇಳುವ ಮುಂಚೆ, ಹಾಡು ಕೇಳಿಸಿಕೊಂಡವರು ಎಲ್ಲಿದ್ದರು ಎಂದು ಕೇಳಬೇಕೆನಿಸುತ್ತದೆ.

ಹಾಗೆಂದು ದುಡ್ಡಿನ ಅಡಚಣೆ ಇಲ್ಲದವರ ವಿಷಯ ಸರಳವೇ? ಅದೂ ಇಲ್ಲ. ಮತ್ತೆ ಮೆಟಾಲಿಕಾಕ್ಕೆ ಬರೋಣ. ಅವರು ಕದ್ದುಮುಚ್ಚಿ ಮುಂದುವರಿಯಲಿಲ್ಲ. ಮಗನ ಹಾಡು ನಿಲ್ಲದಿರಲಿ ಎಂದು ಬರ್ಟನ್‌ನ ಮನೆಯವರೇ ಹರಸಿದ್ದರು. ಕೆಲಸದಲ್ಲಿ ಮುಳುಗಿ ದುಃಖ ಮರೆಯುವುದನ್ನು ನಾವೆಲ್ಲ ಮಾಡಿದ್ದೇವೆ, ಅದರಲ್ಲಿ ತಪ್ಪೇನಿದೆ? ಆದರೆ ಅಳದೆ ಉಳಿದ ಅಳು ಎಲ್ಲಿಗೋ ಹೋಗಲೇಬೇಕಲ್ಲ. ಅದು ಹೋದದ್ದು ಸತ್ತವನ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ಎಂಬ ಹುಡುಗನ ತಲೆಯ ಮೇಲೆ. ಹೊಸಬನೆಂದು ಅವನನ್ನು ಕಾಡಿದರು, ಗೇಲಿ ಮಾಡಿದರು. 1988ರಲ್ಲಿ ಬಂದ ಆಲ್ಬಮ್ಮಿನಲ್ಲಿ ಅವನ ಬೇಸ್ ಗಿಟಾರ್ ಕೇಳಿಸಿಯೂ ಕೇಳಿಸದ ಹಾಗೆ ಮಾಡಿಬಿಟ್ಟರು. ಖಾಲಿಯಾದ ಜಾಗ ಖಾಲಿಯಾಗಿಯೇ ಕೇಳಿಸಬೇಕೆಂದು ಅವರಿಗೆ ಗೊತ್ತಿಲ್ಲದೆಯೇ ಅವರ ಕೈ ಬಯಸಿತೋ ಏನೋ. ಅದೆಲ್ಲ ದುಃಖದ ಇನ್ನೊಂದು ರೂಪವಾಗಿತ್ತೆಂದು ತಂಡದವರೇ ಮುಂದೆ ಒಪ್ಪಿಕೊಂಡಿದ್ದಾರೆ. ನ್ಯೂಸ್ಟೆಡ್ 2001ರವರೆಗೆ ಸಹಿಸಿಕೊಂಡು ಹೊರಬಿದ್ದರು. ಸಾಯದವರು ಮೂರು ದಿನ ಕೂತು ಅಳದೆ ಹೋದದ್ದಕ್ಕೆ, ಸತ್ತವನ ಪರಿಚಯವೂ ಇಲ್ಲದವನೊಬ್ಬ ಹದಿನಾಲ್ಕು ವರ್ಷ ಬೆಲೆ ಕೊಟ್ಟ.

ಉರ್ದುವಿನಲ್ಲಿ ಒಬ್ಬನೇ ಇದ್ದರೂ 'ಹಮ್' ಎಂದು ಹೇಳಿಕೊಳ್ಳುವ ರೂಢಿಯಿದೆ, 'ನಾವು' ಎಂದು. ಈ ಲೇಖನದಲ್ಲಿಯೂ ಓದುಗರು ಅದನ್ನೇ ಕಾಣುತ್ತಿದ್ದಾರೆ. ಕನ್ನಡ ಶಾಲೆಯ ಮೇಷ್ಟ್ರು ಇದನ್ನು ತಿದ್ದಲು ನೋಡಿ ಸೋತರು. ಒಬ್ಬನೇ 'ನಾವು' ಆಗಬಹುದು ಸರಿ. ಆದರೆ ನಾಲ್ವರ 'ನಾವು' ಒಬ್ಬ ಹೋದ ಮೇಲೆ 'ನಾವು' ಆಗಿಯೇ ಉಳಿಯುತ್ತದೆಯೇ? ಇಂಗ್ಲೆಂಡಿನ ಲೆಡ್ ಜೆಪ್ಪೆಲಿನ್ ತಂಡ ಇದಕ್ಕೆ ಇಲ್ಲ ಎಂದು ಉತ್ತರ ಕೊಟ್ಟಿತು. ಅದರ ಡ್ರಮ್ ವಾದಕ ಜಾನ್ ಬೋನಮ್ ಮನೆ ಬಿಟ್ಟು ಇರಲಾರದ ಮನುಷ್ಯ, ಪ್ರವಾಸವೆಂದರೆ ಅವರಿಗೆ ಹೆದರಿಕೆ, ಆ ಹೆದರಿಕೆಗೆ ಕುಡಿತವೇ ಮದ್ದು. 1977ರ ಜುಲೈನಲ್ಲಿ ತಂಡ ಅಮೆರಿಕದಲ್ಲಿದ್ದಾಗ ಹಾಡುಗಾರ ರಾಬರ್ಟ್ ಪ್ಲಾಂಟ್‌ರ ಐದು ವರ್ಷದ ಮಗ ಇಂಗ್ಲೆಂಡಿನಲ್ಲಿ ಕಾಯಿಲೆಯಿಂದ ತೀರಿಕೊಂಡ. ಪ್ರವಾಸ ಅಲ್ಲಿಗೇ ನಿಂತಿತು. ಪ್ಲಾಂಟ್ ಜೊತೆ ವಿಮಾನ ಹತ್ತಿ ಮನೆಯವರೆಗೂ ಹೋದವರಲ್ಲಿ ಬೋನಮ್ ಒಬ್ಬರು. ಮೂರು ವರ್ಷದ ನಂತರ, 1980ರ ಸೆಪ್ಟೆಂಬರ್ 25ರಂದು, ಮತ್ತೊಂದು ಅಮೆರಿಕ ಪ್ರವಾಸದ ತಯಾರಿ ನಡೆಯುತ್ತಿದ್ದಾಗ, ಮಿತಿಮೀರಿ ಕುಡಿದು ಮಲಗಿದ ಬೋನಮ್ ಮತ್ತೆ ಏಳಲಿಲ್ಲ. 32 ವರ್ಷ. ಅಕ್ಟೋಬರಿನಲ್ಲಿ ಶುರುವಾಗಬೇಕಿದ್ದ ಪ್ರವಾಸ ರದ್ದಾಯಿತು. ಡಿಸೆಂಬರ್ 4ರಂದು ಉಳಿದ ಮೂವರು ಇನ್ನು ಮುಂದುವರಿಯುವುದಿಲ್ಲ ಎಂದು ಪ್ರಕಟಿಸಿದರು.

ಇದನ್ನು ಓದಿದಾಗ ನಮಗೆ ತಂಪೆನಿಸಿತು. ಹೀಗಿರಬೇಕು ಎನಿಸಿತು. ಆದರೆ ಕಥೆ ಬರೆಯುವವರಿಗೆ ಒಂದು ಕೆಟ್ಟ ಅಭ್ಯಾಸ, ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ ಎಂದು ಇಣುಕುವುದು. ರದ್ದಾದ ಆ ಪ್ರವಾಸದ ಲಾರಿ ಡ್ರೈವರ್, ದೀಪದವನು, ಪೆಟ್ಟಿಗೆ ಹೊರುವವನು ಇವರ ಗತಿ? ನಿಲ್ಲುವ ಗೌರವ ವೇದಿಕೆಯ ಮೇಲಿದ್ದವರದು, ನಿಂತ ನಷ್ಟ ವೇದಿಕೆಯ ಕೆಳಗಿದ್ದವರದು. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಲೋಕದ ಪ್ರವಾಸಗಳೆಲ್ಲ ಒಂದೇ ವಾರದಲ್ಲಿ ಸ್ಥಗಿತವಾದಾಗ ಈ ಕೆಲಸಗಾರರಿಗಾಗಿ ಸಹಾಯನಿಧಿಗಳನ್ನೇ ತೆರೆಯಬೇಕಾಯಿತು. 2002ರ ಜೂನ್ 27ರಂದು ಲಾಸ್ ವೇಗಸ್‌ನ ಹೋಟೆಲಿನಲ್ಲಿ 'ದಿ ಹೂ' ತಂಡದ ಜಾನ್ ಎಂಟ್ವಿಸಲ್ ತೀರಿಕೊಂಡಾಗ, ಮರುದಿನವೇ ಅವರ ಪ್ರವಾಸ ಶುರುವಾಗಬೇಕಿತ್ತು. ಎರಡು ಕಾರ್ಯಕ್ರಮ ಮುಂದೂಡಿ, ಜುಲೈ 1ಕ್ಕೆ ಬೇರೊಬ್ಬ ಬೇಸ್ ವಾದಕನನ್ನು ನಿಲ್ಲಿಸಿಕೊಂಡು ಹಾಡಿದರು. ನಾಲ್ಕು ದಿನ. ನಮ್ಮ ಮೂರು ದಿನಕ್ಕಿಂತ ಒಂದು ಹೆಚ್ಚೇ. ಆ ಪ್ರವಾಸವನ್ನು ನಂಬಿಕೊಂಡ ಜನರ ಹೊಟ್ಟೆಪಾಡನ್ನು ನೆನೆದರೆ ಅದನ್ನು ಬರೀ ಲೋಭ ಎನ್ನಲು ನಮಗೆ ನಾಲಿಗೆ ಏಳುವುದಿಲ್ಲ.

ಇನ್ನು, ಸತ್ತವನು ಆ ಪೆಟ್ಟಿಗೆ ಹೊರುವವರಲ್ಲೇ ಒಬ್ಬನಾದರೆ? 2012ರ ಜೂನ್ 16ರಂದು ಕೆನಡಾದ ಟೊರಾಂಟೊದಲ್ಲಿ ರೇಡಿಯೋಹೆಡ್ ಎಂಬ ಇಂಗ್ಲೆಂಡಿನ ತಂಡ ಹಾಡಬೇಕಿತ್ತು. ಜನರನ್ನು ಒಳಗೆ ಬಿಡುವ ಸ್ವಲ್ಪ ಮುಂಚೆ ವೇದಿಕೆಯ ಮೇಲಿನ ಚೌಕಟ್ಟು ಕುಸಿಯಿತು. ಡ್ರಮ್ಮುಗಳನ್ನು ಹೊಂದಿಸುತ್ತಿದ್ದ 33ರ ತಂತ್ರಜ್ಞ ಸ್ಕಾಟ್ ಜಾನ್ಸನ್ ಅದರಡಿ ಸಿಕ್ಕಿ ಸತ್ತರು. ತಂಡ ಮುಂದಿನ ಹಲವು ಊರುಗಳ ಕಾರ್ಯಕ್ರಮ ಮುಂದೂಡಿತು. ಪೋಸ್ಟರಿನ ಮೇಲೆ ಹೆಸರಿಲ್ಲದವನಿಗಾಗಿ ಪೋಸ್ಟರಿನವರು ನಿಂತರು. ಸರ್ಕಾರ ಸಂಘಟಕರ ಮೇಲೆ, ವೇದಿಕೆ ಕಟ್ಟಿದವರ ಮೇಲೆ, ಎಂಜಿನಿಯರ್ ಮೇಲೆ ಕೇಸು ಹಾಕಿತು. ಮುಂದೆ ಆದದ್ದು ನಮಗೆ ಅಪರಿಚಿತವಲ್ಲ. ವರ್ಷಗಳು ಉರುಳಿ, ತೀರಾ ತಡವಾಯಿತು ಎಂಬ ಕಾರಣಕ್ಕೇ 2017ರಲ್ಲಿ ಕೇಸು ಬಿದ್ದುಹೋಯಿತು. 2019ರ ವಿಚಾರಣೆ ಅದನ್ನು ಆಕಸ್ಮಿಕ ಸಾವು ಎಂದಿತು. ಅದಕ್ಕೂ ಒಂದು ವರ್ಷ ಮುಂಚೆ, 2018ರ ಜುಲೈನಲ್ಲಿ, ತಂಡ ಮತ್ತೆ ಟೊರಾಂಟೊಗೆ ಬಂದು ಹಾಡಿ, ಕೊನೆಯಲ್ಲಿ ಹೊಣೆಗಾರರು ಇನ್ನೂ ಹೊಣೆ ಹೊತ್ತಿಲ್ಲವೆಂದು ಜನರೆದುರು ಹೇಳಿ, ಮೌನವಾಗಿ ನಿಂತಿತು. ಸಾವಿರಾರು ಜನರ ಆ ಮೌನಕ್ಕೆ ಟಿಕೆಟ್ ಇತ್ತು ಎಂದು ಕುಹಕವಾಡಬಹುದು. ನಾವು ಆಡುವುದಿಲ್ಲ. ಹಾಡಿಗೆ ದುಡ್ಡು ಕೊಟ್ಟವರು ಮೌನವನ್ನೂ ತಮ್ಮ ಪಾಲಿನದೆಂದು ಒಪ್ಪಿಕೊಂಡರು, ಅಷ್ಟಾದರೂ ಆಯಿತು.

ನಿಲ್ಲುವುದೆಂದರೆ ಬರೀ ಹಾಡು ನಿಲ್ಲಿಸುವುದಲ್ಲ, ಆ ಊರಿನಲ್ಲೇ ಉಳಿಯುವುದು ಎಂದು ನಮಗೆ ಹೊಳೆದದ್ದು ಇನ್ನೊಂದು ಘಟನೆಯಿಂದ. 'ದಿ ಹೂ' ತಂಡದ್ದೇ, ಎಂಟ್ವಿಸಲ್ ಸಾವಿಗೆ ಎಷ್ಟೋ ವರ್ಷ ಮುಂಚಿನದು. 1979ರ ಡಿಸೆಂಬರ್ 3, ಅಮೆರಿಕದ ಸಿನ್ಸಿನಾಟಿ. ಆಸನಕ್ಕೆ ನಂಬರಿಲ್ಲ, ಮೊದಲು ಒಳಗೆ ಹೋದವನಿಗೆ ಮುಂದಿನ ಜಾಗ. ಸಾವಿರಾರು ಹುಡುಗರು ಚಳಿಯಲ್ಲಿ ತಾಸುಗಟ್ಟಲೆ ಕಾದಿದ್ದರು. ತೆರೆದದ್ದು ಕೆಲವೇ ಬಾಗಿಲು. ನೂಕುನುಗ್ಗಲಿನಲ್ಲಿ ಉಸಿರು ಕಟ್ಟಿ 11 ಜನ ಸತ್ತರು, ಅವರಲ್ಲಿ ಚಿಕ್ಕವರಿಗೆ 15 ವರ್ಷ. ಕಾರ್ಯಕ್ರಮ ನಿಲ್ಲಿಸಿದರೆ ಜನ ಮತ್ತೆ ಬಾಗಿಲಿಗೆ ನುಗ್ಗಿ ಇನ್ನಷ್ಟು ಸಾವಾದೀತೆಂದು ಮ್ಯಾನೇಜರ್ ತಂಡಕ್ಕೆ ತಿಳಿಸಲೇ ಇಲ್ಲ. ಹೊರಗೆ ಹೆಣಗಳು, ಒಳಗೆ ಹಾಡು. ಮುಗಿದ ಮೇಲೆ ಹೇಳಿದರು. ಆ ರಾತ್ರಿಯ ಮಟ್ಟಿಗೆ ಮ್ಯಾನೇಜರ್ ಮಾಡಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ಬೇರೆಯವರಿಗೆ ಒಪ್ಪಿಗೆಯಾಗದಿರಬಹುದು. ಆದರೆ ಮರುದಿನ? ಮರುದಿನ ತಂಡ ಬಫಲೋ ಊರಿನಲ್ಲಿತ್ತು. ಅಲ್ಲಿ ಸತ್ತವರ ಹೆಸರಿನಲ್ಲಿ ಹಾಡಿದರು.

ಇದಾದ ನಲವತ್ತು ವರ್ಷಕ್ಕೆ, ಮುದುಕರಾದ ಪೀಟ್ ಟೌನ್‌ಶೆಂಡ್ ಒಂದು ಸಾಕ್ಷ್ಯಚಿತ್ರದಲ್ಲಿ ಮನಸ್ಸು ಬಿಚ್ಚಿದರು. ಅಂದು ಆ ಊರು ಬಿಟ್ಟು ಹೋಗಬಾರದಿತ್ತು, ಅಲ್ಲೇ ಉಳಿಯಬೇಕಿತ್ತು, ಇದಕ್ಕಾಗಿ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ ಎಂಬ ಅರ್ಥದ ಮಾತು. ಹಾಡಬಾರದಿತ್ತು ಎಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಸತ್ತ ಮಕ್ಕಳ ಮನೆಗಳ ಬಾಗಿಲಿಗೆ ಹೋಗಿ ನಿಲ್ಲದೆ ಊರು ಬಿಟ್ಟದ್ದು ಅವರಿಗೆ ಚುಚ್ಚುತ್ತಿತ್ತು. 2018ರಲ್ಲಿ ಅವರ ಜೊತೆಗಾರ ರೋಜರ್ ಡಾಲ್ಟ್ರೀ, ಸತ್ತವರಲ್ಲಿ ಮೂವರು ಓದಿದ್ದ ಶಾಲೆಗೆ ಹೋಗಿ ಅವರ ಸ್ಮಾರಕದೆದುರು ನಿಂತು ಬಂದಿದ್ದರು. 2022ರ ಮೇ 15ರಂದು ತಂಡ ಮತ್ತೆ ಸಿನ್ಸಿನಾಟಿಯಲ್ಲಿ ಹಾಡಿತು. ನಡುವೆ ಕಳೆದದ್ದು 42 ವರ್ಷ. ಬದುಕಿದ್ದರೆ ಆ 15ರ ಹುಡುಗರಿಗೆ ಮೊಮ್ಮಕ್ಕಳಾಗುವ ವಯಸ್ಸು.

ಮಾತಮ್‌ಪುರ್ಸಿ ಎಂಬ ಮಾತು ನಮ್ಮಲ್ಲಿದೆ. ಸಾವಿನ ಮನೆಗೆ ಹೋಗಿ ವಿಚಾರಿಸಿ ಬರುವುದು. ಅಲ್ಲಿ ಹೋಗಿ ಮಾಡುವುದೇನೂ ಇಲ್ಲ. ಚಾಪೆಯ ಮೇಲೆ ಸ್ವಲ್ಪ ಹೊತ್ತು ಕೂತು, ಒಂದೆರಡು ಮಾತಾಡಿ, ಎದ್ದು ಬರುವುದು. ಅಷ್ಟಕ್ಕೆ 42 ವರ್ಷ ಬೇಕಾಗುವಂತೆ ಮಾಡುವ ಕೆಲಸ ಎಂಥ ಕೆಲಸ ಎಂದು ಖಾಲಾನ ಮಗನಿಗೆ ಫೋನಿನಲ್ಲಿ ಕೇಳಿದೆವು. ಅವನಿಗೀಗ ಎರಡು ಮಕ್ಕಳು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. "ಭಾಯಿಜಾನ್, ಅಬ್ಬಾ ಹೋದಾಗ ನಾನು ನಾಲ್ಕನೇ ದಿನ ಲ್ಯಾಪ್‌ಟಾಪ್ ತೆಗೆದಿದ್ದೆ, ನೆನಪಿದೆಯಾ?" ಎಂದ. ನೆನಪಿತ್ತು. ಅವತ್ತು ಅವನಿಗೆ ಚಹಾ ತಂದುಕೊಟ್ಟು, ಮಕ್ಕಳನ್ನು ಬೇರೆ ಕೋಣೆಗೆ ಕರೆದುಕೊಂಡು ಹೋದವರು ನಾವೇ.

1959ರ ಆ ಬಸ್ಸಿನ ಬಗ್ಗೆ ಒಂದು ವಿಷಯ ಹೇಳುವುದು ಉಳಿದಿದೆ. ಜೆನ್ನಿಂಗ್ಸ್ ಮುಂದೆ ದೊಡ್ಡ ಹೆಸರು ಮಾಡಿದರು, 2002ರಲ್ಲಿ ತೀರಿಕೊಂಡರು. ವಿಮಾನ ಬೀಳಲಿ ಎಂದ ಆ ತಮಾಷೆಯ ಮಾತನ್ನು ದಶಕಗಳ ಕಾಲ ಎದೆಯಲ್ಲಿ ಹೊತ್ತು ತಿರುಗಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಆಗ ಮಾತ್ರ ಅವರು 21ರ ಹುಡುಗ. ಹಾಲಿಯ ಗಿಟಾರ್ ಮತ್ತು ಆಂಪ್ಲಿಫೈಯರ್ ಬಸ್ಸಿನಲ್ಲೇ ಉಳಿದಿದ್ದವು. ಉಳಿದ ಊರುಗಳಲ್ಲೆಲ್ಲ ಅವೂ ಜೊತೆಗೆ ಬಂದವು. ಫೆಬ್ರವರಿ 15ಕ್ಕೆ ಪ್ರವಾಸ ಮುಗಿದ ಮೇಲೆ ಜೆನ್ನಿಂಗ್ಸ್ ಅವನ್ನು ನ್ಯೂಯಾರ್ಕಿಗೆ ಹೊತ್ತುಕೊಂಡು ಹೋಗಿ, ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಪ್ರಯಾಣಿಕರು ಸಾಮಾನಿಡುವ ಬೀರುವೊಂದರಲ್ಲಿಟ್ಟು ಬೀಗ ಹಾಕಿದರು. ಕೀಲಿಯನ್ನು ಲಕೋಟೆಯಲ್ಲಿಟ್ಟು ಮಾರಿಯಾ ಎಲೆನಾಗೆ ಅಂಚೆಯಲ್ಲಿ ಕಳಿಸಿದರು.